ಮೂರನೆಯ ಸಿ.ಡಿ., ನಲವತ್ತೊಂದು

ಸಿ.ಡಿ. ಕೆಟ್ಟಿದೆ ಎಂದು ಶ್ರೀಕಂಠ ತೀರ್ಮಾನಿಸಿದ್ದು ೮೮೦ರ ಫ್ರೀವೇ ಮೇಲೆ, ಬೆಳಗಿನ ಟ್ರಾಫಿಕ್ಕಿನ ನಡುವೆ. ಅವನು ತೀರ್ಮಾನಿಸಿದನೆಂದರೆ ಮುಗಿಯಿತು. ಐವತ್ತೆಂಟು ವರ್ಷದಲ್ಲಿ ಅವನು ಒಂದು ತೀರ್ಮಾನವನ್ನು ವಾಪಸ್ಸು ತೆಗೆದುಕೊಂಡಿದ್ದನ್ನು ಕಂಡವರಿಲ್ಲ, ಹೆಂಡತಿ ನಿರುಪಮಾಳೂ ಕಂಡಿರಲಿಲ್ಲ.

"ನೋಡು, ಮೂರನೇ ಸಿ.ಡಿ. ನಲವತ್ತಾಯ್ತು. ಈಗ ನಲವತ್ತೆರಡು ಬಂತು. ಮಧ್ಯ ನಲವತ್ತೊಂದು ಬರೀ ಖಾಲಿ. ಕಂಪ್ಯೂಟರಲ್ಲಿ ಕೂತ್ಕೊಂಡು ಆರ್ಡರ್ ಮಾಡಿದ್ರೆ ಇದೇ ಹಣೆಬರಹ. ಖಾಲಿ ಟ್ರ್ಯಾಕು ಕಳಿಸ್ತಾರೆ ಕಳ್ಳರು!"

"ಖಾಲಿ ಏನಿಲ್ಲ ರೀ. ಏನೋ ಕೇಳುತ್ತೆ," ಎಂದಳು ನಿರುಪಮಾ, ಕಿಟಕಿಯ ಕಡೆ ನೋಡುತ್ತ.

"ಏನ್ ಕೇಳುತ್ತೆ? ನಾಯ್ಸು ಅದು."

"ಸರಿ ಬಿಡಿ."

ಅದು ಎರಡು ಸಾವಿರದ ಇಸವಿಯ ಜನವರಿ. ಇಸವಿ ಬದಲಾದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ, ವೈ-ಟು-ಕೆ ಎಂದು ಊರೆಲ್ಲ ಹೆದರಿ, ಏನೂ ಆಗದೆ, ಎಲ್ಲರೂ ಸ್ವಲ್ಪ ನಾಚಿಕೊಂಡು ಕೆಲಸಕ್ಕೆ ಮರಳಿದ್ದ ಸಮಯ. ಆಫೀಸುಗಳಲ್ಲಿ ಸ್ಟಾಕಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಶ್ರೀಕಂಠನಿಗೆ ಮಾತ್ರ ಜುಲೈ ತಿಂಗಳದೇ ಜಪ. ಜುಲೈನಲ್ಲಿ ಬೇ ಏರಿಯಾದ ಏಳು ಜನ ಕನ್ನಡಿಗರು ಅವನ ಹಿಂದೆ ಆಫ್ರಿಕಾಕ್ಕೆ ಹಕ್ಕಿ ನೋಡಲು ಹೊರಟಿದ್ದರು. ಮೊದಲು ಕೀನ್ಯಾದ ಉಪ್ಪುಕೆರೆಗಳಲ್ಲಿ ಫ್ಲೆಮಿಂಗೋ, ಆಮೇಲೆ ಹುಲ್ಲುಗಾವಲು, ಅಲ್ಲಿಂದ ಉಗಾಂಡಾದ ಜೊಂಡಿನ ಜೌಗು, ಕೊನೆಗೆ ಮಳೆಕಾಡು. ವ್ಯಾನಿನಲ್ಲಿ ಇನ್ನೊಂದು ಸೀಟು ಖಾಲಿಯಿತ್ತು. ಅದಕ್ಕೆ ನಿರುಪಮಾ ಬರಲಿ ಎಂದು ಎಲ್ಲರೂ ಹೇಳಿ ಸೋತಿದ್ದರು. "ಮೂರು ವಾರ ರಜ ಸಿಕ್ಕಿದ್ರೆ ನಾನು ಮೈಸೂರಿಗೆ ಹೋಗಿ ಅಕ್ಕನ ಮನೇಲಿ ಹಾಯಾಗಿ ಬಿದ್ಕೋತೀನಿ. ಸೊಳ್ಳೆ ಕೈಲಿ ಕಚ್ಚಿಸ್ಕೊಂಡು ಕಂದು ಬಣ್ಣದ ಹಕ್ಕಿ ನೋಡೋಕೆ ನನಗೇನು ಹುಚ್ಚೇ?" ಎಂದು ಅವಳು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಳು.

ಹಾಗೆ ಹೇಳಿದವಳೇ ದಿನಕ್ಕೆ ಎರಡು ಹೊತ್ತು ಆಫ್ರಿಕಾದ ಹಕ್ಕಿಗಳ ದನಿಯ ಸಿ.ಡಿ.ಗಳನ್ನು ಕೇಳಬೇಕಾಗಿತ್ತು ಎನ್ನುವುದು ಬೇರೆ ಮಾತು. ಅವರ ಮನೆ ಸ್ಯಾನ್ ಹೊಸೆಯಲ್ಲಿ, ಅವನ ಆಫೀಸು ಫ್ರೀಮಾಂಟಿನಲ್ಲಿ, ಅವಳ ಆಸ್ಪತ್ರೆ ಓಕ್ಲ್ಯಾಂಡಿನಲ್ಲಿ. ಕಾರಿನಲ್ಲಿ ಇಬ್ಬರಿದ್ದರೆ ಕಾರ್‌ಪೂಲ್ ಲೇನಿನಲ್ಲಿ ಹೋಗಬಹುದು. ಅದಕ್ಕಾಗಿ ಅವಳು ಫ್ರೀಮಾಂಟಿನವರೆಗೆ ಅವನ ಪಕ್ಕ ಕೂತು, ಅಲ್ಲಿಂದ ಬಾರ್ಟ್ ರೈಲು ಹಿಡಿಯುತ್ತಿದ್ದಳು. ಸಂಜೆ ಮತ್ತೆ ಅದೇ ದಾರಿ, ಅದೇ ಸಿ.ಡಿ. ಪಾಪ, ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು.

ಶ್ರೀಕಂಠ ಸುಮ್ಮನೆ ಹುಚ್ಚಿಗೆ ಕೇಳುತ್ತಿರಲಿಲ್ಲ. ಬಯಲಿನಲ್ಲಿ ಕಣ್ಣಿದ್ದರೆ ಹಕ್ಕಿ ಸಿಗುತ್ತದೆ. ಮಳೆಕಾಡಿನಲ್ಲಿ ಎಲೆಯ ಮೇಲೆ ಎಲೆ, ಕಣ್ಣಿನ ಆಟ ನಡೆಯುವುದಿಲ್ಲ. ಮೊದಲು ಕಿವಿ ಹಿಡಿಯಬೇಕು, ಆಮೇಲೆ ಕಣ್ಣು ಹುಡುಕಬೇಕು. ಉಗಾಂಡಾದ ಗೈಡು ಇ-ಮೇಲಿನಲ್ಲಿ ಬರೆದಿದ್ದ: ಕಾಡಿನ ದಾರಿ ಇಕ್ಕಟ್ಟು, ಒಂದರ ಹಿಂದೆ ಒಂದು ಎರಡು ಸಾಲಾಗಿ ನಡೆಯಬೇಕು, ಮುಂದಿನ ಸಾಲಿಗೆ ನಾನಿರುತ್ತೇನೆ, ಹಿಂದಿನ ಸಾಲಿಗೆ ನಿಮ್ಮಲ್ಲಿ ಯಾರ ಕಿವಿ ಚುರುಕೋ ಅವರಿರಲಿ. ಗುಂಪಿನಲ್ಲಿ ಚರ್ಚೆಯೇ ಆಗಲಿಲ್ಲ. ಶ್ರೀಕಂಠನಿದ್ದಾಗ ಇನ್ಯಾರು? ಅವನು ಅದೇನು ಮಹಾ ಎನ್ನುವ ಮುಖ ಮಾಡಿ ಒಪ್ಪಿಕೊಂಡ. ಮನೆಗೆ ಬಂದು ಊಟ ಮಾಡುವಾಗ ಮಾತ್ರ ನಿರುಪಮಾಳಿಗೆ ಅದೇ ಸುದ್ದಿಯನ್ನು ಮೂರು ಸಲ ಹೇಳಿದ.

ಗುಂಪಿಗೆ ಅವನೇ ಮೇಷ್ಟ್ರು. ಶನಿವಾರ ಬೆಳಿಗ್ಗೆ ಅಲ್ವಿಸೋದ ಉಪ್ಪುಗದ್ದೆಗಳ ಬದಿಯಲ್ಲಿ ಎಲ್ಲರೂ ಸೇರುವುದು, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ, ನಿರುಪಮಾಳ ಸ್ಟೀಲ್ ಡಬ್ಬಿಯಲ್ಲಿ ಉಪ್ಪಿಟ್ಟು. ಅವಳು ಬೆಂಚಿನ ಮೇಲೆ ಪತ್ರಿಕೆ ಓದುತ್ತ ಕೂರುತ್ತಿದ್ದಳು. ಉಳಿದವರು ಅವನ ಹಿಂದೆ. ಅವನ ರೂಲು ಒಂದೇ: ಸ್ವಂತ ಕಣ್ಣಿಗೋ ಸ್ವಂತ ಕಿವಿಗೋ ಬೀಳದ ಹಕ್ಕಿಯನ್ನು ನಾನು ಕಂಡೆ ಎನ್ನಬಾರದು. ಪಕ್ಕದವರು ತೋರಿಸಿದರು, ಅದಕ್ಕೇ ಬರೆದುಕೊಂಡೆ ಎಂದರೆ ಸಿಡುಕುತ್ತಿದ್ದ.

ಅಂಥವನಿಗೆ ನಲವತ್ತೊಂದೇ ಏಕೆ ಬೇಕಾಗಿತ್ತು ಎಂದರೆ, ಅದು ಕುಬ್ಜ ಮಿಂಚುಳ್ಳಿಯ ದನಿ. ಹೆಬ್ಬೆರಳಿಗಿಂತ ಚೂರು ದೊಡ್ಡದು. ಕಿತ್ತಳೆ ಎದೆ, ನೀಲಿ ಬೆನ್ನು, ಕೆನ್ನೆಯಲ್ಲಿ ನೇರಳೆ. ಮಿಂಚುಳ್ಳಿ ಎಂದ ಮಾತ್ರಕ್ಕೆ ನೀರಿನ ಬಳಿ ಇರುವುದಿಲ್ಲ. ಕಾಡಿನ ನೆರಳಿನಲ್ಲಿ ಕೂತು ಹುಳ ತಿನ್ನುತ್ತದೆ. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಲೈಬ್ರರಿಯ ಒಂದು ಪುಸ್ತಕದಲ್ಲಿ ಅದರ ಚಿತ್ರ ನೋಡಿದ್ದ. ಅವತ್ತಿನಿಂದ ಅದು ಅವನ ತಲೆಯಲ್ಲಿ ಗೂಡು ಕಟ್ಟಿತ್ತು.

ಹೀಗಿರುವಾಗ ಅದೊಂದೇ ಟ್ರ್ಯಾಕು ಖಾಲಿ ಬಂದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ? ಸಿ.ಡಿ. ಮಾರಿದವರಿಗೆ ಖಾರವಾಗಿ ಇ-ಮೇಲ್ ಬರೆದ. ಅವರು ಮರ್ಯಾದಸ್ಥರು, ತಕರಾರಿಲ್ಲದೆ ಇನ್ನೊಂದು ಕಳಿಸಿದರು. ಅದರಲ್ಲೂ ಖಾಲಿ! ಹಾಗಾದರೆ ಕಾರಿನ ಸ್ಪೀಕರು ಹೋಗಿರಬೇಕು ಎಂದು ನಾಲ್ಕೂ ಸ್ಪೀಕರು ಬದಲಿಸಿದ. ಮತ್ತೆ ಖಾಲಿ. ಆ ಸಂಜೆ ನಿರುಪಮಾ, "ರೀ, ಒಂದ್ಸಲ ಕಿವಿ..." ಎಂದು ಶುರು ಮಾಡಿದಳು. "ಕಿವಿಗೇನಾಗಿದೆ? ನಿನ್ನ ಮಾತು ಕೇಳ್ತಿಲ್ವಾ ನನಗೆ?" ಎಂದು ಅವನು ಹಾರಿಬಿದ್ದ. ಅವಳ ಮಾತು ಕೇಳುತ್ತಿತ್ತು, ಅದು ನಿಜ.

ಕೊನೆಗೆ ಎಂಜಿನಿಯರ್ ಬುದ್ಧಿ ಓಡಿತು. ಸಿ.ಡಿ.ಯನ್ನು ಆಫೀಸಿನ ಲ್ಯಾಬಿಗೆ ಒಯ್ದು, ಪ್ಲೇಯರಿನಿಂದ ಒಂದು ವೈರು ಸ್ಪೀಕರಿಗೆ, ಇನ್ನೊಂದು ಆಸಿಲೋಸ್ಕೋಪಿಗೆ ಕೊಟ್ಟ. ಸದ್ದಿದ್ದರೆ ಪರದೆಯ ಮೇಲೆ ಅಲೆ ಕಾಣಬೇಕು. ಇಲ್ಲದಿದ್ದರೆ ಸಪಾಟು ಗೆರೆ. ಆ ಸಪಾಟು ಗೆರೆಯ ಫೋಟೋ ತೆಗೆದು ಮಾರಿದವರ ಮುಖಕ್ಕೆ ಹಿಡಿಯುವ ಉತ್ಸಾಹ. ಪಕ್ಕದ ಬೆಂಚಿನಲ್ಲಿ ಮಂಡ್ಯದ ಶಿವಪ್ರಕಾಶ್ ಬೋರ್ಡೊಂದನ್ನು ಬೆಸುಗೆ ಹಾಕುತ್ತಿದ್ದ. ಅವನೂ ಅವನ ಹೆಂಡತಿ ಸಿಂಧುವೂ ಆಫ್ರಿಕಾಕ್ಕೆ ಹೊರಟ ಏಳು ಜನರಲ್ಲಿ ಇಬ್ಬರು.

ಶ್ರೀಕಂಠ ನಲವತ್ತೊಂದು ಒತ್ತಿದ. ಪರದೆಯ ಮೇಲೆ ಅಲೆಗಳು ಎದ್ದುಬಿಟ್ಟವು. ಚೂಪಾಗಿ, ಒತ್ತೊತ್ತಾಗಿ, ಬಿಟ್ಟುಬಿಟ್ಟು. ಸ್ಪೀಕರಿನಿಂದ ಮಾತ್ರ ಏನೂ ಇಲ್ಲ. ಅವನು ವಾಲ್ಯೂಮು ಏರಿಸಿದ. ಇನ್ನೂ ಏರಿಸಿದ.

"ಅಣ್ಣೋ! ಕಮ್ಮಿ ಮಾಡಣ್ಣೋ!" ಶಿವಪ್ರಕಾಶ್ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಎದ್ದು ನಿಂತ. "ಕಿವಿ ಒಳಕ್ಕೆ ದಬ್ಬಳ ಚುಚ್ದಂಗಾಯ್ತದೆ!"

ಶ್ರೀಕಂಠ ಸ್ಪೀಕರನ್ನು ನೋಡಿದ, ಪರದೆಯನ್ನು ನೋಡಿದ, ಶಿವಪ್ರಕಾಶನ ಮುಖ ನೋಡಿದ. ಹುಡುಗಾಟ ಅಲ್ಲ ಎಂದು ಆ ಮುಖ ಹೇಳುತ್ತಿತ್ತು. ಅವನು ಪ್ಲೇಯರು ಆರಿಸಿ, ಬೇಕಾದ ಎತ್ತರದ ದನಿ ಹೊರಡಿಸುವ ಸಿಗ್ನಲ್ ಜನರೇಟರು ಎಳೆದುಕೊಂಡು, ಎತ್ತರದ ದನಿಯಿಂದ ಶುರು ಮಾಡಿ ಗುಂಡಿಯನ್ನು ನಿಧಾನವಾಗಿ ಕೆಳಗೆ ತಿರುಗಿಸುತ್ತ ಬಂದ. ಎಂಟು ಸಾವಿರ ಹರ್ಟ್ಸ್‌ನಲ್ಲಿ ಏನೂ ಇಲ್ಲ. ಆರು ಸಾವಿರದಲ್ಲೂ ಇಲ್ಲ. ಶಿವಪ್ರಕಾಶ್ ಮುಖ ಕಿವುಚಿಕೊಂಡು ನಿಂತೇ ಇದ್ದ. ನಾಲ್ಕು ಸಾವಿರಕ್ಕಿಂತ ಕೆಳಗೆ ಬಂದಮೇಲೆ ದೂರದಲ್ಲೆಲ್ಲೋ ಸೊಳ್ಳೆ ಹಾರಿದ ಹಾಗೆ ಒಂದು ದನಿ ಅವನಿಗೆ ಸಿಕ್ಕಿತು.

"ಬಾ ಅಣ್ಣ, ಒಂದು ಟೀ ಕುಡ್ಕೊಂಡು ಬರಾಣ," ಎಂದ ಶಿವಪ್ರಕಾಶ್. ಯಾವತ್ತೂ ಎಲ್ಲರ ಕಾಲೆಳೆಯುವವನು ಅವತ್ತು ಎಳೆಯಲಿಲ್ಲ.

"ಯಾರಿಗೂ ಹೇಳ್ಬೇಡಪ್ಪ."

"ನಾನ್ಯಾಕ್ ಏಳಾನೆ? ಆದ್ರೆ ಅಣ್ಣ..." ಶಿವಪ್ರಕಾಶ್ ತಲೆ ಕೆರೆದುಕೊಂಡ. "ಕಾಡಲ್ಲಿ ಹಿಂದ್ಗಡೆ ಸಾಲ್ನಲ್ಲಿ ಇರೋಳು ನಮ್ ಸಿಂಧು. ಇದುಕ್ಕೇಂತ ಒಂದ್ ವರ್ಸದಿಂದ ಕಾಯ್ತಾ ಅವ್ಳೆ. ನೀನೇ ನೋಡ್ಕಳಣ್ಣ, ಏನ್ ಮಾಡ್ಬೇಕೂಂತ."

ಸಂಜೆ ಬಾರ್ಟ್ ಸ್ಟೇಷನ್ನಿನ ಮುಂದೆ ಕಾರು ನಿಲ್ಲಿಸಿಕೊಂಡು ಕಾಯುವಾಗ ಶ್ರೀಕಂಠನ ಕಣ್ಣು ತನ್ನ ಡಿಜಿಟಲ್ ವಾಚಿನ ಮೇಲೆ ಬಿತ್ತು. ಇದು ಗಂಟೆಗೊಂದು ಸಲ ಪೀಪ್ ಎನ್ನುತ್ತಿತ್ತಲ್ಲ. ಕೊನೆಯ ಸಲ ಅದನ್ನು ಕೇಳಿದ್ದು ಯಾವಾಗ? ಅವನಿಗೆ ನೆನಪಾಗಲಿಲ್ಲ.

ನಿರುಪಮಾ ಬಾಗಿಲು ತೆಗೆದು ಕೂರುವ ಮೊದಲೇ ಕೇಳಿದ: "ನನ್ನ ವಾಚು ಗಂಟೆಗೊಂದ್ಸಲ ಕೂಗುತ್ತಾ?"

ಅವಳು ಸೀಟ್‌ಬೆಲ್ಟು ಹಾಕಿಕೊಂಡಳು. "ಈಗ ಕೂಗಲ್ಲ."

"ಈಗ ಅಂದ್ರೆ?"

"ಹೋದ ಯುಗಾದಿ ಹಿಂದುಮುಂದು ನಾನೇ ಆಫ್ ಮಾಡಿದೆ. ಅಲ್ವಿಸೋದಲ್ಲಿ ಅದು ಕೂಗಿದಾಗೆಲ್ಲ ಎಲ್ಲರೂ ನಿಮ್ಮ ಕೈ ನೋಡೋರು. ನೀವು ನೋಡಿದ್ರೆ, 'ಸದ್ದು ಮಾಡ್ಬೇಡಿ, ಹಕ್ಕಿ ಹಾರುತ್ತೆ' ಅಂತ ಅವರಿಗೇ ಗದರಿಸೋರು. ನನಗೆ ನೋಡೋಕಾಗ್ಲಿಲ್ಲ."

"ಒಂದು ವರ್ಷ! ಒಂದು ವರ್ಷದಿಂದ ನಿನಗೆ ಗೊತ್ತು! ಎಲ್ಲರ ಮುಂದೆ ನನ್ನನ್ನ ಮಂಗ ಮಾಡಿದೆಯಲ್ಲೇ!"

"ನಾನು ಹೇಳ್ಲಿಲ್ವಾ? ಮೈಕ್ರೋವೇವು ಕೂಗ್ತಿದೆ ಅಂದೆ, ಅದರ ಬೀಪರು ಕೆಟ್ಟಿದೆ ಅಂದ್ರಿ. ಸ್ಮೋಕ್ ಅಲಾರಮ್ಮಿನ ಬ್ಯಾಟರಿ ಮುಗೀತಿದೆ, ಕೂಗ್ತಿದೆ ಅಂದೆ, ನಿನ್ನ ಭ್ರಮೆ ಅಂದ್ರಿ. ಕಿವಿ ತೋರಿಸ್ಕೊಳ್ಳಿ ಅಂದ್ರೆ ಮೈಮೇಲೆ ಬಿದ್ರಿ."

"ನೀನು ಡಾಕ್ಟರು! ಡಾಕ್ಟರಾಗಿ ಕೂರಿಸಿ ಹೇಳ್ಬೇಕಿತ್ತು!"

"ಹೇಳಿದ್ರೆ ನೀವು ಆಫ್ರಿಕಾ ಬಿಡ್ತಿದ್ರಿ." ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. "ಬಿಟ್ಟು, ಸಾಯೋವರೆಗೂ ಸೋಫಾ ಮೇಲೆ ಮುಖ ಊದಿಸ್ಕೊಂಡು ಕೂರ್ತಿದ್ರಿ. ಅದನ್ನ ನೋಡೋ ಶಕ್ತಿ ನನಗಿರ್ಲಿಲ್ಲ ಕಣ್ರೀ. ಅದಕ್ಕೇ ಸುಮ್ಮನಿದ್ದೆ."

ಅವತ್ತು ಸ್ಯಾನ್ ಹೊಸೆಯವರೆಗೆ ಅವನು ಸಿ.ಡಿ. ಹಾಕಲಿಲ್ಲ.

ಮುಂದಿನ ವಾರ ನಿರುಪಮಾಳ ಆಸ್ಪತ್ರೆಯಲ್ಲೇ ಕಿವಿಯ ಪರೀಕ್ಷೆಯಾಯಿತು. ಪರೀಕ್ಷೆ ಮಾಡಿದವಳು ಹಳೆಯ ಕೆಲಸದ ಬಗ್ಗೆ ಕೇಳಿದಾಗ, ಬೆಂಗಳೂರಿನಲ್ಲಿ ಆರು ವರ್ಷ ವಿಮಾನದ ಎಂಜಿನ್‌ಗಳ ಟೆಸ್ಟ್ ಶೆಡ್ಡಿನಲ್ಲಿದ್ದೆ ಎಂದ. ಕಿವಿಗೆ ಮುಚ್ಚಳ? ಕೊಟ್ಟಿದ್ದರು, ಹಾಕುತ್ತಿರಲಿಲ್ಲ. ಹಾಕಿಕೊಂಡವರನ್ನು ಹೆಂಗಸರು ಎಂದು ಆಡಿಕೊಳ್ಳುತ್ತಿದ್ದರು. ಅವಳು ತಲೆಯಾಡಿಸಿದಳು. ಕಿವಿಗೆ ಯಂತ್ರ ಹಾಕಿಕೊಂಡರೆ ಮೀಟಿಂಗಿನ ಮಾತು, ಫೋನು ಇವೆಲ್ಲ ಸಲೀಸಾಗುತ್ತದೆ, ಆದರೆ ಆ ಎತ್ತರದ ದನಿ ಹೋದದ್ದು ಹೋಯಿತು, ವಾಪಸ್ಸು ಬರುವುದಿಲ್ಲ ಎಂದಳು. ಶ್ರೀಕಂಠ ಥ್ಯಾಂಕ್ಸ್ ಹೇಳಿ ಎದ್ದ. ಪಾರ್ಕಿಂಗ್ ಲಾಟಿನಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು.

ಆ ಶನಿವಾರ ಗುಂಪು ಸೇರಿದ್ದು ಓಕ್ಲ್ಯಾಂಡಿನ ಬೆಟ್ಟದ ರೆಡ್‌ವುಡ್ ಮರಗಳ ಕೆಳಗೆ. ಉಗಾಂಡಾದ ಕಾಡಿಗೆ ಅಭ್ಯಾಸವಾಗಲಿ ಎಂದು ಅವನೇ ಹಿಂದೆ ಗೊತ್ತು ಮಾಡಿದ್ದ ಜಾಗ. ಮುಗಿಲಿಗೆ ತಾಗುವ ಮರಗಳು, ಕೆಳಗೆ ಮಬ್ಬು, ಒದ್ದೆ ನೆಲ. ನಿರುಪಮಾ ಬಿದ್ದ ಮರದ ದಿಮ್ಮಿಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಶ್ರೀಕಂಠ ಎಲ್ಲರನ್ನೂ ಹತ್ತಿರ ಕರೆದ.

"ಒಂದು ವಿಷಯ ಹೇಳ್ಬೇಕು. ನನಗೆ ಸಣ್ಣ ದನಿ ಕೇಳೋದಿಲ್ಲ. ಬಹಳ ದಿನದಿಂದ ಕೇಳ್ತಿರ್ಲಿಲ್ವಂತೆ, ನನಗೇ ಗೊತ್ತಿರ್ಲಿಲ್ಲ. ಹಿಂದಿನ ಸಾಲಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಕೆರೆ, ಹುಲ್ಲುಗಾವಲು, ಜೌಗು, ಅಲ್ಲೆಲ್ಲ ಬರ್ತೀನಿ. ಕಾಡಿನ ದಿನ ನಾನು ಲಾಡ್ಜಲ್ಲೇ ಇರ್ತೀನಿ." ಅಷ್ಟು ಹೇಳಿ ನಿಲ್ಲಿಸಬೇಕೆಂದಿದ್ದ, ಆಗಲಿಲ್ಲ. "ನನಗೆ ನಾಚಿಕೆ ಆಗ್ತಿದೆ. ಹೊಟ್ಟೇನೂ ಉರೀತಿದೆ. ಆಯ್ತು, ಇಷ್ಟೇ."

"ಅಯ್ಯೋ ಸಾರ್, ಅದಕ್ಕೇನು..." ಎಂದು ಸಿಂಧು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದಳು.

ಅಷ್ಟರಲ್ಲಿ ಒಬ್ಬೊಬ್ಬರಾಗಿ ತಲೆಯೆತ್ತಿ ಮೇಲೆ ನೋಡಿದರು. ಶ್ರೀಕಂಠನಿಗೆ ಅರ್ಥವಾಯಿತು. ಮೇಲೆ ಏನೋ ಕೂಗುತ್ತಿದೆ. ಮೇಲೆ ನೋಡಿದವರೆಲ್ಲ ಹಳೆಯ ಅಭ್ಯಾಸದಿಂದ, ಯಾವ ಹಕ್ಕಿ ಹೇಳಿ ಎನ್ನುವ ಹಾಗೆ, ತಿರುಗಿ ಅವನನ್ನೇ ನೋಡಿದರು. ನೋಡಿ, ತಪ್ಪು ಮಾಡಿದವರಂತೆ ಕಣ್ಣು ತಗ್ಗಿಸಿದರು. ಅವನಿಗೆ ಆ ಕಾಡು ಬರೀ ಮೌನವಾಗಿತ್ತು.

"ಇದು ಆ ಸಿ.ಡಿ.ಗಳಲ್ಲಿಲ್ಲ," ಎಂದಳು ನಿರುಪಮಾ, ದಿಮ್ಮಿಯ ಮೇಲಿನಿಂದಲೇ. "ಮೊದಲು ಎರಡನೇ ಸಿ.ಡಿ. ಹದಿನೇಳರ ಥರ ಇದೆ. ಆಮೇಲೆ ಬೇರೆ."

ಎಲ್ಲರೂ ಅವಳ ಕಡೆ ತಿರುಗಿದರು.

"ಅದೇನತ್ಗೆಮ್ಮ ಹದ್ನೇಳು?" ಎಂದ ಶಿವಪ್ರಕಾಶ್.

"ಹೆಸರು ನನಗೇನಪ್ಪ ಗೊತ್ತು? ಡ್ರೈವ್ ಮಾಡೋರು ಅವರು, ಪುಸ್ತಕ ಓದಿರೋರು ಅವರು. ನನಗೆ ಕಾಣೋದು ಸ್ಟೀರಿಯೋ ಮೇಲಿನ ನಂಬರು. ದಿನಾ ಎರಡು ಹೊತ್ತು ಕೇಳಿಸ್ಕೊಂಡು ಎಲ್ಲಾ ನಂಬರೂ ಬಾಯಿಪಾಠ ಆಗಿದೆ."

"ಎರಡರ ಹದಿನೇಳು ಅಂದ್ರೆ..." ಶ್ರೀಕಂಠ ತಾನಾಗಿಯೇ ಕಾಡಿನ ಒಂದು ಸೂರಕ್ಕಿಯ ಹೆಸರು ಹೇಳಿದ. ಹೇಳಿದವನು ಹೆಂಡತಿಯನ್ನು ಕಕ್ಕಾಬಿಕ್ಕಿಯಾಗಿ ನೋಡಿದ. ಇವಳು ಪಕ್ಕದಲ್ಲಿ ಕೂತು ನಿದ್ದೆ ಮಾಡುತ್ತಿದ್ದಾಳೆ ಎಂದೇ ಅವನು ಇಷ್ಟು ದಿನ ತಿಳಿದಿದ್ದ.

ಅವಳ ಕೆಲಸ ಎಂಥದ್ದು ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. ಅವಳು ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ ನಡೆಯುವಾಗ ರೋಗಿಯ ರಕ್ತದಲ್ಲಿ ಆಮ್ಲಜನಕ ಇಳಿದರೆ ಮಾನಿಟರಿನ ದನಿಯೂ ಒಂದು ಎಳೆ ಇಳಿಯುತ್ತದೆ. ಇಪ್ಪತ್ತು ವರ್ಷ ಆ ಎಳೆಯನ್ನು ಹಿಡಿಯುವುದೇ ಅವಳ ಅನ್ನ. ಅದಕ್ಕೂ ಮೊದಲು ಮೈಸೂರಿನಲ್ಲಿ ಎಂಟು ವರ್ಷ ಸಂಗೀತದ ಪಾಠ.

"ಹಾಡಿ ತೋರಿಸು," ಎಂದ. "ಕೆಳಗಿನ ಶ್ರುತೀಲಿ. ನನಗೆ ಕೇಳೋ ಹಾಗೆ."

"ಎಲ್ಲರ ಮುಂದೇನಾ?" ಅವಳು ಸೆರಗಿಲ್ಲದ ಸ್ವೆಟರಿನ ಅಂಚನ್ನು ಎಳೆದುಕೊಂಡಳು. ಮೇಲೆ ಮತ್ತೊಮ್ಮೆ ಕಿವಿಗೊಟ್ಟು, ಗಂಟಲು ಸರಿ ಮಾಡಿಕೊಂಡು, ಮೆಲ್ಲಗೆ ಹಾಡಿದಳು. "ಸ ಸ, ರಿ ರಿ, ಗ ಗ, ಮ... ಹೀಗೆ ಒಂದೊಂದೇ ಮೆಟ್ಟಿಲು ಹತ್ತುತ್ತೆ. ಆಮೇಲೆ ಕಾಲು ಜಾರಿ ಉರುಳಿದ ಹಾಗೆ ಗರಿಸನಿ ಗರಿಸನಿ ಅಂತ ಕೆಳಗೆ."

"ಇನ್ನೊಂದ್ಸಲ."

ಇನ್ನೊಂದು ಸಲ ಹಾಡಿದಳು. ಶ್ರೀಕಂಠನ ಮುಖ ಅರಳಿತು. "ಗೋಲ್ಡನ್-ಕ್ರೌನ್ಡ್ ಕಿಂಗ್ಲೆಟ್! ಕಾಂಡದ ಹತ್ರ ನೋಡ್ಬೇಡಿ. ಕೊಂಬೆಯ ತುದೀಲಿ, ಸೂಜಿ ಎಲೆಗಳ ಮಧ್ಯ ತಲೆಕೆಳಗಾಗಿ ನೇತಾಡ್ತಿರುತ್ತೆ. ಎಷ್ಟು ಸಣ್ಣದು ಅಂದ್ರೆ ಎಲೆ ಅಲ್ಲಾಡಿದ ಹಾಗೆ ಕಾಣುತ್ತೆ. ನೋಡಿ, ನೋಡಿ!"

ಎಲ್ಲ ಬೈನಾಕ್ಯುಲರ್‌ಗಳೂ ಮೇಲೆದ್ದವು. "ಸಿಕ್ತು!" ಎಂದು ಸಿಂಧು ಪಿಸುಗುಟ್ಟಿದಳು. ಶ್ರೀಕಂಠನಿಗೂ ಸಿಕ್ಕಿತು. ನೆತ್ತಿಯ ಮೇಲೆ ಅರಿಸಿನದ ಗೆರೆ, ಕೊಕ್ಕು ತೆರೆದುಕೊಂಡು ಹಾಡುತ್ತಿತ್ತು. ಹಾಡು ಅವನಿಗೆ ಕೇಳಿಸಲಿಲ್ಲ.

"ಸಾರ್, ನಿಮ್ಮ ರೂಲು?" ಎಂದಳು ಸಿಂಧು, ಸ್ವಲ್ಪ ಹೆದರಿಕೊಂಡೇ.

"ರೂಲು ರೂಲೇ. ಕೇಳಿದ್ದು ಅವಳು, ಅದು ಅವಳದು. ನಾನು ಕಂಡಿದ್ದು ಅಷ್ಟೇ ನನ್ನದು."

"ಅಂಗಾರೆ ಕಾಡಲ್ಲಿ ಹಿಂದ್ಗಡೆ ಸಾಲ್ನ ಲೀಡ್ರು ಯಾರಣ್ಣ?" ಶಿವಪ್ರಕಾಶ್ ಯಾರ ಮುಖವನ್ನೂ ನೋಡದೆ ಕೇಳಿದ. "ಒಬ್ರಿಗೆ ನಂಬ್ರು ಗೊತ್ತು, ಒಬ್ರಿಗೆ ಎಸ್ರು ಗೊತ್ತು. ವ್ಯಾನಲ್ಲಿ ಸೀಟು ಬೇರೆ ಖಾಲಿ ಬಿದ್ದದೆ."

"ನಾನು ಮೈಸೂರಿಗೆ ಹೋಗೋಳು," ಎಂದಳು ನಿರುಪಮಾ.

ಶ್ರೀಕಂಠ ದಿಮ್ಮಿಯ ಹತ್ತಿರ ಹೋಗಿ ಅವಳ ಪಕ್ಕ ಕೂತ. ಮದುವೆಯಾದಾಗಿನಿಂದ ಅವನು ಅವಳಿಗೆ ಬಾ ಎಂದು ಹೇಳಿದ್ದೇ ಹೊರತು ಬರುತ್ತೀಯಾ ಎಂದು ಕೇಳಿದವನಲ್ಲ.

"ಬರ್ತೀಯಾ ನಿರು?" ಎಂದ. "ನೀನಿಲ್ದೆ ನನಗೆ ಆ ಕಾಡಲ್ಲಿ ಏನೂ ಇಲ್ಲ."

ಅವಳು ಅವನ ಕೈಗೆ ತಟ್ಟೆ ಕೊಟ್ಟಳು. "ಉಪ್ಪಿಟ್ಟು ಆರಿಹೋಗ್ತಿದೆ. ಮೊದಲು ತಿನ್ನಿ."

ಬೆಟ್ಟ ಇಳಿದು ಕಾರು ಫ್ರೀವೇ ಸೇರುವವರೆಗೂ ಅವಳು ಆ ಮಾತು ಎತ್ತಲಿಲ್ಲ. ಅವನೂ ಕೇಳಲಿಲ್ಲ, ಕೇಳುವ ಧೈರ್ಯ ಉಳಿದಿರಲಿಲ್ಲ. ಆಮೇಲೆ ಅವಳು ಕೈ ಚಾಚಿ ಗ್ಲವ್ ಬಾಕ್ಸಿನಿಂದ ಮೂರನೆಯ ಸಿ.ಡಿ. ತೆಗೆದು ಸ್ಟೀರಿಯೋಕ್ಕೆ ಹಾಕಿ, ಬಟನ್ ಒತ್ತುತ್ತ ಒತ್ತುತ್ತ ನಲವತ್ತೊಂದಕ್ಕೆ ತಂದು ನಿಲ್ಲಿಸಿದಳು.

"ಅಕ್ಕಂಗೆ ಫೋನ್ ಮಾಡ್ಬೇಕು," ಎಂದಳು. "ಈ ಸಲ ಬರಲ್ಲ ಅಂತ."

ಸ್ಟೀರಿಯೋದ ಮೇಲೆ ಸೆಕೆಂಡುಗಳು ಓಡುತ್ತಿದ್ದವು, ಕಾರಿನಲ್ಲಿ ಎಂಜಿನ್ನಿನ ಸದ್ದು ಬಿಟ್ಟರೆ ಶ್ರೀಕಂಠನಿಗೆ ಏನೂ ಕೇಳಿಸಲಿಲ್ಲ. ನಿರುಪಮಾ ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳಿಸಿಕೊಂಡು, ಅವನಿಗೆ ಎಟಕುವಷ್ಟು ಕೆಳಗೆ ಇಳಿಸಿ ಹಾಡಿದಳು. "ಟ್ಸೀ... ಟ್ಸೀ... ಟ್ಸೀ."

"ಆಮೇಲೆ?"

"ಆಮೇಲೆ ಏನಿಲ್ಲ. ಇಷ್ಟೇ. ಪೆನ್ನಿನ ಮುಚ್ಚಳ ಊದಿದ ಹಾಗೆ ಒಂದೇ ಸ್ವರ."

"ಇಷ್ಟಕ್ಕೇನಾ ನಾನು ನಾಲ್ಕು ಸ್ಪೀಕರು ಬದಲಿಸಿದ್ದು!"

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅವನು ಕನ್ನಡಕ ತೆಗೆದು ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ. "ರಸ್ತೆ ನೋಡ್ರೀ," ಎಂದು ಅವಳು ಗದರಿಸಿದಳು. ಅವನು ಕನ್ನಡಕ ಹಾಕಿಕೊಂಡ. ಟ್ರ್ಯಾಕು ನಲವತ್ತೆರಡಕ್ಕೆ ಹೋಗುವುದರಲ್ಲಿತ್ತು. ಅವನು ಬೆರಳು ಚಾಚಿ ಅದನ್ನು ಮತ್ತೆ ನಲವತ್ತೊಂದಕ್ಕೆ ತಂದ.

"ಇನ್ನೊಂದ್ಸಲ ಹೇಳು," ಎಂದ.